ಗಾಡಿ ಹೊಡೆಯುವವರ ಮನೆ

ನಮ್ಮ ಮನೆಯಲ್ಲಿ ಕಂಪ್ಯೂಟರ್ ಇದ್ದದ್ದು ದೇವರ ಕೆಳಗೆ. ಬೇರೆ ಜಾಗವಿರಲಿಲ್ಲ. ಮುಂಬಯಿಯ ದಹಿಸರ್‌ನ ಚಾಳಿನಲ್ಲಿ ನಮ್ಮದು ಒಂದೇ ಖೋಲಿ. ಒಂದು ಮೂಲೆಯಲ್ಲಿ ಒಲೆಕಟ್ಟೆ, ಇನ್ನೊಂದರಲ್ಲಿ ಮೊಣಕಾಲೆತ್ತರದ ಗೋಡೆ ಕಟ್ಟಿದ ಮೋರಿ. ಸ್ನಾನವೂ ಅಲ್ಲೇ, ಪಾತ್ರೆ ತಿಕ್ಕುವುದೂ ಅಲ್ಲೇ. ಮತ್ತೊಂದು ಮೂಲೆ ಅವ್ವನ ಹೊಲಿಗೆ ಮಷೀನಿನದು. ಉಳಿದದ್ದನ್ನು ದೇವರಿಗೆ ಬಿಟ್ಟಿದ್ದರು. ಗೋಡೆಗೆ ಹೊಡೆದ ಹಲಗೆಯ ಮೇಲೆ ಎಲ್ಲಮ್ಮ, ಹನುಮಪ್ಪ, ಊರಿನಿಂದ ತಂದ ವಿಭೂತಿ ಗಟ್ಟಿ. ಹಲಗೆಯ ಕೆಳಗೆ ಸ್ಟೂಲು, ಸ್ಟೂಲಿನ ಮೇಲೆ ಕಂಪ್ಯೂಟರು. ಊದುಬತ್ತಿಯ ಬೂದಿ ನೆಟ್ಟಗೆ ಕೀಬೋರ್ಡಿನ ಮೇಲೆ ಉದುರುತ್ತಿತ್ತು. ಅದನ್ನು ಊದಿಯೇ ನಾನು ಆಟಕ್ಕೆ ಕೂರುತ್ತಿದ್ದೆ. ಯಂತ್ರ ಬಂದದ್ದು ಅಂಧೇರಿಯ ಸಾಹೇಬರ ಮನೆಯಿಂದ. ಅಪ್ಪ ಅವರ ಕಾರಿನ ಡ್ರೈವರ್. ಅವರ ಮಗ ಹೊಸದು ಕೊಂಡಾಗ ಹಳೆಯದನ್ನು ನಮಗೆ ಕೊಟ್ಟರು, ಅದನ್ನು ಹೊತ್ತು ತರಲು ಅಪ್ಪನ ಜೊತೆ ನಾನೂ ಹೋಗಿದ್ದೆ. ಅವರ ಬಿಲ್ಡಿಂಗಿನ ಲಿಫ್ಟಿನಲ್ಲಿ ಕನ್ನಡಿ ಇತ್ತು ಎಂಬುದನ್ನು ತಿಂಗಳುಗಟ್ಟಲೆ ಕಂಡಕಂಡವರಿಗೆ ಹೇಳಿದ್ದೇನೆ.

ಆಟಕ್ಕೆ ಗೆಲುವು ಸೋಲು ಎಂಬುದು ಇರಲಿಲ್ಲ. ದೊಡ್ಡ ಆಟಗಳನ್ನು ಇಳಿಸಿಕೊಳ್ಳುವ ತಾಕತ್ತು ಆ ಯಂತ್ರಕ್ಕೆ ಇರಲಿಲ್ಲವಾದ್ದರಿಂದ ಬ್ರೌಸರಿನಲ್ಲೇ ತೆರೆದುಕೊಳ್ಳುವುದನ್ನು ಆಡಬೇಕಿತ್ತು. ವೈಫೈ ಪಕ್ಕದ ಖೋಲಿಯ ಸ್ನೇಹಲ್ ಮನೆಯದು. ಮಧ್ಯದ ಗೋಡೆ ತೆಳ್ಳಗಿದ್ದದ್ದರ ಒಂದೇ ಲಾಭ ಅದು. ಪರದೆಯ ಮೇಲೆ ಒಂದು ಖಾಲಿ ಊರು ಬರುತ್ತಿತ್ತು. ರಸ್ತೆ, ಸೇತುವೆ, ಗೋಡೆಗಳಿದ್ದವು, ಮನುಷ್ಯರಿರಲಿಲ್ಲ. ಬಾಣದ ಗುರುತಿನ ಕೀಲಿ ಒತ್ತಿದರೆ ಕಾರು ಓಡುತ್ತಿತ್ತು. ಅದನ್ನು ಗೋಡೆಗೋ ಕಂಬಕ್ಕೋ ಬಡಿಯಬೇಕು, ಅಷ್ಟೇ ಆಟ. ಬಡಿದರೆ ಬಾನೆಟ್ಟು ಮುದುಡಿಕೊಳ್ಳುವುದು, ಬಾಗಿಲು ಕಿತ್ತು ಬೀಳುವುದು, ಗಾಲಿ ಒಂದೇ ಉರುಳುತ್ತಾ ಹೋಗುವುದು, ಎಲ್ಲವೂ ನಿಧಾನವಾಗಿ ಕಾಣುತ್ತಿತ್ತು. ಇನ್ನೊಂದು ಕೀಲಿ ಒತ್ತಿದರೆ ಕಾರು ಮತ್ತೆ ಹೊಸದು. ಈ ಆಟದಲ್ಲಿ ಏನು ಸುಖ ಎಂದು ಈಗ ಯಾರಾದರೂ ಕೇಳಿದರೆ, ಮನೆಯೊಳಗೆ ಏನೊಂದನ್ನೂ ಬೀಳಿಸದೆ, ತಾಗಿಸದೆ, ಮೈ ಹಿಡಿ ಮಾಡಿಕೊಂಡು ಓಡಾಡುತ್ತಿದ್ದ ಹುಡುಗಿಗೆ ಅದು ಸೇರಿತ್ತು ಎಂದಷ್ಟೇ ಹೇಳಬಲ್ಲೆ.

ಅವ್ವನಿಗೆ ಆ ಆಟ ಆಗುತ್ತಿರಲಿಲ್ಲ. ಡ್ರೈವರನ ಮನೆಯಲ್ಲಿ, ಅದೂ ದೇವರ ಎದುರಿಗೆ, ಗಾಡಿ ಬಡಿಯುವುದು ಅಪಶಕುನ ಎಂದು ಅವಳ ತಕರಾರು. ಆಯಿ ಅದನ್ನು ಒಪ್ಪುತ್ತಿರಲಿಲ್ಲ. ಆಯಿ ಎಂದರೆ ಅಪ್ಪನ ತಾಯಿ. ವಿಜಯಪುರದ ಕಡೆ ನಾವು ಅಜ್ಜಿಯನ್ನು ಹಾಗೇ ಕರೆಯುವುದು. ಮರಾಠಿಯಲ್ಲಿ ತಾಯಿಯನ್ನು ಆಯಿ ಎನ್ನುತ್ತಾರಾದ್ದರಿಂದ, ಇಷ್ಟು ಮುದುಕಿ ನಿನಗೆ ತಾಯಿ ಹೇಗಾದಳು ಎಂದು ಸ್ನೇಹಲ್ ಬಹಳ ದಿನ ಕೇಳುತ್ತಿದ್ದಳು. ಈ ಅತ್ತೆ ಸೊಸೆಯರ ಜಗಳ ರೊಟ್ಟಿ ಬಡಿಯುವ ಹೊತ್ತಿಗೆ ಶುರುವಾಗುತ್ತಿತ್ತು.

"ಅತ್ತಿ, ನೀವs ಹೇಳ್ರಿ ಅಕಿಗೆ. ದಿನಾ ಗಾಡಿ ಬಡೀತಾಳ. ಒಳ್ಳೇದಲ್ಲ ಅದು."

"ಹುಡುಗಿ ಗಾಡಿ ಹೊಡೀಲಿ ಬಿಡs. ಗಾಡಿ ಹೊಡ್ಯಾಂವನ ಮಗಳು ಮತ್ತೇನ ಹೊಡೀತಾಳ?"

"ಹೊಡೆಯೂದಲ್ರಿ, ಬಡೀತಾಳ!"

"ಹೊಡೀತ ಹೊಡೀತ ಬಡೀತೈತಿ. ಕಲೀತಾಳ."

ಗಾಡಿ ಹೊಡೆಯುವುದು ಎಂಬುದು ನಮ್ಮ ಕಡೆಯ ಮಾತು. ಎತ್ತಿನ ಗಾಡಿ ಇದ್ದ ಕಾಲಕ್ಕೆ ಬಾರುಕೋಲಿನಿಂದ ಹೊಡೆದು ನಡೆಸುತ್ತಿದ್ದರೋ ಏನೋ, ಎತ್ತು ಹೋದರೂ ಮಾತು ಉಳಿಯಿತು. ಸೈಕಲ್ ಹೊಡೆ, ಟ್ರ್ಯಾಕ್ಟರ್ ಹೊಡೆ, ಕಾರು ಹೊಡೆ. ಹೊಡೆಯುವುದೆಂದರೆ ನಡೆಸುವುದು, ಬಡಿಯುವುದೆಂದರೆ ಅಪಘಾತ. ಇವೆರಡರ ನಡುವಿನ ಗೆರೆ ನಮ್ಮ ಮನೆಯಲ್ಲಿ ಯಾರಿಗೂ ಮಸುಕಾಗಿರಲಿಲ್ಲ. ಅಪ್ಪ ಎಷ್ಟೋ ವರ್ಷ ಗಾಡಿ ಹೊಡೆದಿದ್ದ, ಒಮ್ಮೆಯೂ ಬಡಿದಿರಲಿಲ್ಲ. ದಸರೆಯ ಖಂಡೆ ಪೂಜೆಯ ದಿನ ಆಯಿ, ಅಪ್ಪ ಸಾಹೇಬರನ್ನು ಕೇಳಿ ತಂದಿದ್ದ ಕಾರಿನ ಕೀಲಿ, ಅವ್ವನ ಕತ್ತರಿ, ಅಳತೆ ಟೇಪುಗಳ ಪಕ್ಕದಲ್ಲಿ ಕಂಪ್ಯೂಟರಿನ ಮೌಸನ್ನೂ ಇಟ್ಟು ಕುಂಕುಮ ಹಚ್ಚಿದಳು. ಕುಂಕುಮ ಮೌಸಿನ ಸಂದಿಗೆ ಇಳಿದು ಅದರ ಒಂದು ಗುಂಡಿ ಕೆಲಸ ನಿಲ್ಲಿಸಿತು. ನಾನು ಅತ್ತೆ. ಅಪ್ಪ ಹಲ್ಲುಕಡ್ಡಿ ಹಿಡಿದು ಕೂತು ಅದನ್ನು ಕೆರೆದು ಸರಿ ಮಾಡಿಕೊಟ್ಟ, ಆಯಿಗೆ ಮಾತ್ರ ಏನೂ ಅನ್ನಲಿಲ್ಲ. ತಾಯಿಗೆ ಎದುರಾಡುವುದು ಅವನಿಗೆ ಗೊತ್ತೇ ಇರಲಿಲ್ಲ, ಇದು ಅವ್ವನಿಗೆ ಉರಿಯುವ ವಿಷಯವಾಗಿತ್ತು.

ಆಯಿ ಮುಂಬಯಿಗೆ ಬಂದಾಗ ಅವಳ ತಲೆ ಆಗಲೇ ನೆರೆದಿತ್ತು. ಹಿಂದಿ ಕಲಿಯುವ ವಯಸ್ಸಲ್ಲ. ಆದರೂ ಭಾಜಿಯವನ ಹತ್ತಿರ, ನಳದ ಹತ್ತಿರ ಕೇಳಿ ಕೇಳಿ ಒಂದು ಹಿಂದಿ ಕಟ್ಟಿಕೊಂಡಿದ್ದಳು. ಕನ್ನಡದ ವಾಕ್ಯವನ್ನು ಮೊದಲು ಮನಸ್ಸಿನಲ್ಲಿ ಆಡಿಕೊಂಡು, ಅದರ ಒಂದೊಂದು ಮಾತಿಗೆ ಒಂದೊಂದು ಹಿಂದಿ ಮಾತು ಇಡುವುದು. ಸ್ನೇಹಲ್ ಕೂದಲು ಬಿಟ್ಟುಕೊಂಡು ಬಂದರೆ "ಬಾಲ್ ಛೋಡ್ಕೆ ಆಯಾ ಕ್ಯಾ" ಎನ್ನುತ್ತಿದ್ದಳು. ನಾವು ನಗುತ್ತಿದ್ದೆವು, ಅವಳೂ ನಗುತ್ತಿದ್ದಳು. ಆ ಹಿಂದಿಯಿಂದ ಯಾರಿಗೂ ಏನೂ ಕೆಟ್ಟದ್ದಾಗಿರಲಿಲ್ಲ.

ಆ ಭಾನುವಾರ ಬೆಳಿಗ್ಗೆ ಅಪ್ಪ ಫೋನು ಚಾರ್ಜಿಗೆ ಹಾಕಿ ಕಟಿಂಗ್ ಮಾಡಿಸಿಕೊಳ್ಳಲು ಹೋಗಿದ್ದ. ಅವ್ವ ಹೊಲಿದ ಬ್ಲೌಸು ಕೊಡಲು ಎದುರು ಬಿಲ್ಡಿಂಗಿಗೆ ಹೋಗಿದ್ದಳು. ನಾನು ಸೇತುವೆಯ ಮೇಲಿಂದ ಕಾರನ್ನು ಕೆಳಗೆ ಹಾರಿಸುವುದರಲ್ಲಿ ಮುಳುಗಿದ್ದೆ. ಫೋನು ಬಂತು, ಆಯಿ ಎತ್ತಿದಳು. ಆಚೆಯವರು ಸಾಹೇಬರು. ಹಿಂದಿನ ಸಂಜೆ ಅಪ್ಪ ಕಾರನ್ನು ಅವರ ಬಿಲ್ಡಿಂಗಿನೊಳಗೆ ನಿಲ್ಲಿಸಿ ಕೀಲಿ ಮೇಲೆ ಕೊಟ್ಟು ಬಂದಿದ್ದ. ಬೆಳಿಗ್ಗೆ ನೋಡಿದರೆ ಮುಂದಿನ ಬಂಪರು ಒಡೆದು, ಒಂದು ದೀಪ ಪುಡಿಯಾಗಿತ್ತು. ಗಾಡಿ ಠೋಕಿದ್ದು, ಅಂದರೆ ಬಡಿದದ್ದು, ಯಾರು ಎಂದು ಅವರು ಕೇಳಿದ್ದು. ಆಯಿಗೆ ತಿಳಿದದ್ದು ಗಾಡಿ ಎಂಬುದೊಂದು, ಯಾರು ಎಂಬುದೊಂದು. ಗಾಡಿ ಹೊಡೆಯುವವರು ಯಾರು ಎಂದು ಸಾಹೇಬರು ವಿಚಾರಿಸುತ್ತಿದ್ದಾರೆ ಎಂದುಕೊಂಡು, ಮಗನ ಬಗ್ಗೆ ಒಂದು ಒಳ್ಳೆಯ ಮಾತು ಹೇಳುವ ಅವಕಾಶ ಸಿಕ್ಕಿತೆಂದು ನೆಟ್ಟಗೆ ಕೂತು, ದನಿ ಏರಿಸಿ ಹೇಳಿದಳು:

"ಮೇರಾ ಬೇಟಾ ಮಾರಾ ಸಾಬ್. ವೋಚ್ ಮಾರ್ತಾ. ದುಸರಾ ಕೋಯಿ ನಹೀ ಮಾರ್ತಾ."

ನನಗೂ ಅದು ಕೇಳಿಸಿತ್ತು, ಹೊಡೆಯುವುದಕ್ಕೆ ಅವಳು ಮಾರ್ ಎಂಬ ಮಾತು ಇಟ್ಟಿದ್ದಳು. ಶಾಲೆಯಲ್ಲಿ ಹಿಂದಿಯಲ್ಲೇ ಜಗಳವಾಡುತ್ತಿದ್ದ ನನಗೆ ಆ ಮಾತಿನಲ್ಲಿ ಏನೂ ತಪ್ಪು ಕಾಣಲಿಲ್ಲ, ಯಾಕೆಂದರೆ ಆಯಿಯ ಹಿಂದಿಯನ್ನು ನಾವು ಹಿಂದಿ ಎಂದು ಕೇಳುತ್ತಲೇ ಇರಲಿಲ್ಲ. ಫೋನು ಇಟ್ಟು, "ನಿಮ್ಮಪ್ಪನ ಬಗ್ಗೆ ಕೇಳಿದ್ರು, ಚಲೋ ಹೇಳೀನಿ," ಎಂದು ತಟ್ಟೆ ಹಿಡಿದು ಬೇಳೆ ಆರಿಸಲು ಕೂತಳು.

ಸೋಮವಾರ ಅಪ್ಪ ಮಧ್ಯಾಹ್ನಕ್ಕೇ ಮನೆಗೆ ಬಂದ, ನಾನು ಬೆಳಗಿನ ಶಾಲೆ ಮುಗಿಸಿ ಬಂದು ಆಟಕ್ಕೆ ಕೂತಿದ್ದೆ. ಆಯಿ ನಳದ ಸಾಲಿನಲ್ಲಿದ್ದಳು. ಡಬ್ಬಿಯೊಳಗಿನ ರೊಟ್ಟಿ, ಝುಣಕ ಹಾಗೇ ಇತ್ತು. ಒಲೆಕಟ್ಟೆಯ ಹತ್ತಿರ ನಿಂತು ಅವ್ವನಿಗೆ ಹೇಳಿದ. ಖೋಲಿ ಒಂದೇ ಆದ್ದರಿಂದ ಗುಟ್ಟು ಹೇಳುವವರೂ ಕೇಳಬಾರದವರೂ ಅಲ್ಲೇ ಇರಬೇಕು. ನಾನು ಆಟದ ಸದ್ದು ತಗ್ಗಿಸಿ ಕೇಳಿಸಿಕೊಂಡೆ. ಕೀಲಿ ಕೊಟ್ಟ ಮೇಲೆ ಗಾಡಿ ತಾನು ಮುಟ್ಟಿಲ್ಲ ಎಂದು ಅವನು ಹೇಳಿದ್ದನಂತೆ. ನಿನ್ನ ತಾಯಿಯೇ ನಿನ್ನ ಹೆಸರು ಹೇಳಿದ್ದಾಳೆ ಎಂದರಂತೆ ಸಾಹೇಬರು. ನಮ್ಮ ಭಾಷೆಯಲ್ಲಿ ಹೊಡೆಯುವುದು ಎಂದರೆ ನಡೆಸುವುದು, ಅವಳಿಗೆ ಹಿಂದಿ ಬಾರದು ಎಂದು ಇವನು ಬಿಡಿಸಿ ಹೇಳಿದರೆ, ಮಾರ್ನಾ ಎಂದರೆ ನಡೆಸುವುದು ಎಂಬುದು ಯಾವ ದೇಶದ ಭಾಷೆ ಎಂದು ಸಾಹೇಬರು ನಕ್ಕರಂತೆ. ನಾಳೆಯಿಂದ ಬರಬೇಡ ಎಂದಿದ್ದರು.

"ಅವರ ಮಗಾ ಒಯ್ದಿರಬೇಕ್ರಿ ರಾತ್ರಿ," ಎಂದಳು ಅವ್ವ.

"ಮತ್ತ್ಯಾರು? ವಾಚ್‌ಮನ್ನಗ ಗೊತ್ತೈತಿ. ಆಂವ ಬಾಯಿ ಬಿಡೂದಿಲ್ಲ."

"ಅತ್ತಿಗೆ ಹೇಳ್ರಿ. ಫೋನ್ ಮುಟ್ಟಬ್ಯಾಡಂತರೆ ಹೇಳ್ರಿ."

"ಹೇಳಿದ್ರ ಸಾಯ್ತಾಳ ಅಕಿ. ಉಣ್ಣೂದು ಬಿಡ್ತಾಳ. ಬಾಯಿಂದ ಒಂದ ಮಾತು ಹೊರಗ ಬೀಳಬಾರದು ನೋಡು." ಆಮೇಲೆ ನನ್ನ ಕಡೆ ತಿರುಗಿ, "ನಿನಗೂ ಹೇಳೀನಿ ರೇಣೂ," ಎಂದ.

ಆಯಿ ಕೊಡ ಇಳಿಸಿದಾಗ ಅವಳಿಗೆ ಹೇಳಿದ್ದು: ಸಾಹೇಬ್ರು ಗಾಡಿ ಮಾರ್ಯಾರ, ಅದಕ್ಕ ಡ್ರೈವರ್ ಬ್ಯಾಡಂತ. ಮಾರುವುದು ನಮ್ಮ ಕನ್ನಡದಲ್ಲಿ ಬರೀ ವ್ಯಾಪಾರ. ಆಯಿ ಸಾಹೇಬರ ಮೇಲೆ ಮರುಕ ತೋರಿಸಿದಳು. ಗಾಡಿ ಮಾರುವ ಹೊತ್ತು ಬಂತೇನ ಪಾಪ ಅವರಿಗೆ, ಎಂದಳು. ಅವ್ವ ಮೋರಿಗೆ ಮುಖ ಮಾಡಿ ಪಾತ್ರೆ ತಿಕ್ಕತೊಡಗಿದಳು. ತಿಕ್ಕುವ ಸದ್ದಿನಲ್ಲೇ ಅವಳ ಸಿಟ್ಟು ಗೊತ್ತಾಗುತ್ತಿತ್ತು. ಅಂದಿನಿಂದ ಮನೆಯಲ್ಲಿ ಮೂವರು ಸೇರಿ ಒಬ್ಬಳನ್ನು ಕಾಯುವ ಕೆಲಸ ಶುರುವಾಯಿತು. ಫೋನು ಬಂದರೆ ಆಯಿಗಿಂತ ಮೊದಲು ಎತ್ತುವುದು, ಅಂಧೇರಿಯ ಹೆಸರು ತೆಗೆಯದಿರುವುದು. ಅವ್ವ ಹಲ್ಲು ಕಚ್ಚಿಕೊಂಡು ಈ ನಾಟಕಕ್ಕೆ ಒಪ್ಪಿದ್ದಳು. ರೊಟ್ಟಿ ಹೊತ್ತಿನ ಜಗಳಗಳೂ ನಿಂತವು. ಜಗಳವಿಲ್ಲದ ಆ ಮನೆ ನನಗೆ ಸೇರುತ್ತಿರಲಿಲ್ಲ.

ಅಪ್ಪ ಬೆಳಿಗ್ಗೆ ಕೆಲಸ ಹುಡುಕಿ ಹೋಗಿ ಮಧ್ಯಾಹ್ನ ಬರುತ್ತಿದ್ದ. ಬಂದವನು ಮಾಡುವುದೇನು? ಒಂದು ದಿನ ನನ್ನ ಪಕ್ಕ ಕೂತು ಕೀಲಿಗಳನ್ನು ಕೇಳಿ ತಿಳಿದುಕೊಂಡ. ಆ ಖಾಲಿ ಊರಿನಲ್ಲಿ ಅವನು ಕಾರು ನಡೆಸಿದ ರೀತಿ ನೋಡಿ ನನಗೆ ತಲೆ ಕೆಟ್ಟಿತು. ತಿರುವಿನಲ್ಲಿ ನಿಧಾನ ಮಾಡುತ್ತಿದ್ದ. ಯಾರೂ ಇಲ್ಲದ ಕೂಡುರಸ್ತೆಯಲ್ಲಿ ನಿಲ್ಲಿಸಿ ಎಡಬಲ ನೋಡುತ್ತಿದ್ದ. ಗೋಡೆಯ ಪಕ್ಕ ರಿವರ್ಸ್ ತೆಗೆದು, ಒಂದು ಗೆರೆಯೂ ಬೀಳದಂತೆ ನಿಲ್ಲಿಸಿ, ಮತ್ತೆ ಹೊರಡುತ್ತಿದ್ದ. ಆಯಿ ಅವನ ಹಿಂದೆ ಚಾಪೆಯ ಮೇಲೆ ಕೂತು ನೋಡುತ್ತಾ, "ಹೆಂಗ ಹೊಡೀತಾನ ನೋಡs ನನ್ನ ಮಗ," ಎನ್ನುತ್ತಿದ್ದಳು. ಆದರೆ ಅವಳು ಗುಡಿಗೋ ನಳಕ್ಕೋ ಹೋದ ಹೊತ್ತಿನಲ್ಲಿ ಅವನ ಆಟ ಬೇರೆ. ಪೂರಾ ವೇಗಕ್ಕೆ ಬಿಟ್ಟು ನೇರ ಗೋಡೆಗೆ. ಹೊಸದು ಮಾಡಿ ಮತ್ತೆ ಗೋಡೆಗೆ. ಮುಖದಲ್ಲಿ ಸಿಟ್ಟೂ ಇರುತ್ತಿರಲಿಲ್ಲ, ಖುಷಿಯೂ ಇರುತ್ತಿರಲಿಲ್ಲ. ಬಾಗಿಲಲ್ಲಿ ಆಯಿಯ ಚಪ್ಪಲಿ ಸದ್ದಾದರೆ ಕಾರು ಹೊಸದಾಗಿ, ರಸ್ತೆಯ ಎಡಕ್ಕೆ ಬಂದು, ಮೆಲ್ಲಗೆ ಹೋಗುತ್ತಿತ್ತು. ಅಪ್ಪನನ್ನು ನಾನು ಆ ದಿನಗಳಲ್ಲಿ ಮೊದಲ ಸಲ ಬೇರೆ ಮನುಷ್ಯನ ಹಾಗೆ ನೋಡಿದೆ, ಪಾಪ ಅನ್ನಿಸಿತು.

ಗುಟ್ಟು ಒಡೆದದ್ದು ಆ ಆಟದಿಂದಲೇ. ಒಂದು ಸಂಜೆ ಸ್ನೇಹಲ್ ಬಂದು ನನ್ನ ಹೆಗಲ ಮೇಲೆ ಒರಗಿ ಆಟ ನೋಡುತ್ತಿದ್ದಳು. ಅಪ್ಪ ಅವ್ವ ಇಬ್ಬರೂ ಮಾರ್ಕೆಟ್ಟಿಗೆ ಹೋಗಿದ್ದರು. ಆಯಿ ಹಿಂದೆ ಕೂತು ಮೆಂತ್ಯೆಸೊಪ್ಪು ಬಿಡಿಸುತ್ತಿದ್ದಳು. ಕಾರು ಗೋಡೆಯ ಕಡೆ ಓಡುತ್ತಿದ್ದಂತೆ ಸ್ನೇಹಲ್ ಕೂಗಿದಳು, "ಗಾಡಿ ಮಾರ್! ಮಾರ್ ನಾ, ದೀವಾರ್ ಪೆ ಮಾರ್!" ನಾನು ಬಡಿದೆ. ಗಾಲಿ ಉರುಳುತ್ತಾ ಹೋಯಿತು. ಸ್ನೇಹಲ್ ಚಪ್ಪಾಳೆ ತಟ್ಟಿದಳು. ತಾಯಿ ಕರೆದದ್ದಕ್ಕೆ ಅವಳು ಎದ್ದು ಹೋದ ಮೇಲೆ ಆಯಿ ಕೇಳಿದಳು.

"ಅಕಿ ಗಾಡಿ ಹೊಡಿ ಅಂದ್ಲು. ನೀ ಯಾಕ ಗ್ವಾಡಿಗೆ ಬಡದಿ?"

"ಹೊಡಿ ಅನ್ಲಿಲ್ಲ ಆಯಿ, ಬಡಿ ಅಂದ್ಲು."

"ಮಾರ್ ಅಂದ್ಲಲ್ಲ. ನಾ ಕೇಳೀನಿ."

"ಹಿಂದ್ಯಾಗ ಗಾಡಿ ಮಾರ್ ಅಂದ್ರ ಬಡಿ ಅಂತ. ಹೊಡಿ ಅನ್ನಾಕ ಚಲಾ ಅಂತಾರ."

ಹೇಳಿ ಮುಗಿಸಿದ ಮೇಲೆ ಹಿಂದಿನಿಂದ ಸೊಪ್ಪಿನ ಸದ್ದು ಬರಲಿಲ್ಲ. ತಿರುಗಿ ನೋಡಿದೆ. ಆಯಿ ಕಡ್ಡಿ ಹಿಡಿದುಕೊಂಡೇ ಕೂತಿದ್ದಳು. ಅವಳ ತುಟಿ ಅಲುಗುತ್ತಿತ್ತು. ಆ ಭಾನುವಾರ ಫೋನಿನಲ್ಲಿ ಆಡಿದ್ದನ್ನು ಮತ್ತೊಮ್ಮೆ ಆಡಿಕೊಳ್ಳುತ್ತಿದ್ದಳು ಎಂದು ನನಗೆ ತಿಳಿಯಿತು. ಮಾರನೆಯ ದಿನವೇ ಮಗ ಡಬ್ಬಿ ಬಿಚ್ಚದೆ ಮನೆಗೆ ಬಂದದ್ದನ್ನು ಅದಕ್ಕೆ ಕೂಡಿಸಿಕೊಳ್ಳಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಉಳಿದ ಸೊಪ್ಪು ಬಿಡಿಸಿ, ಕಡ್ಡಿ ಎಸೆದು ಬಂದು, "ಸನವಾರ ಸಾಳಿ ಸೂಟಿ ಅಲ್ಲ ನಿನಗ? ಅಂಧೇರಿಗೆ ಹೋಗೂಣು. ಮನ್ಯಾಗ ಹನುಮಪ್ಪನ ಗುಡಿ ಅಂತ ಹೇಳು," ಎಂದಳು. ಆ ರಾತ್ರಿ ಅವಳು ಎಂದಿನಂತೆ ಎರಡು ರೊಟ್ಟಿ ಉಂಡಳು. ಉಣ್ಣದಿದ್ದರೆ ಅಪ್ಪ ಯಾಕೆ ಎಂದು ಕೇಳುತ್ತಾನೆಂದು ಉಂಡಳು.

ಶನಿವಾರ ಸ್ಲೋ ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ಹೋದೆವು. ಆಯಿ ಇಳಕಲ್ ಸೀರೆ ಉಟ್ಟಿದ್ದಳು, ಹೊಸದು. ಅಂಧೇರಿಯಲ್ಲಿ ಇಳಿದು ರಿಕ್ಷಾ ಹತ್ತಿದೆವು; ದಾರಿ ನನಗೆ ಆ ಲಿಫ್ಟಿನ ದೆಸೆಯಿಂದ ನೆನಪಿತ್ತು. ಆದರೆ ಈ ಸಲ ಲಿಫ್ಟಿನ ತನಕ ಹೋಗಲಿಲ್ಲ. ವಾಚ್‌ಮನ್ ಮೇಲಕ್ಕೆ ಫೋನು ಮಾಡಿದ, ನಮ್ಮನ್ನು ಗೇಟಿನ ಹತ್ತಿರ ನಿಲ್ಲಿಸಿದ. ಅಲ್ಲೇ ಒಳಗೆ ಸಾಹೇಬರ ಕಾರು ನಿಂತಿತ್ತು. ಹೊಸ ಬಂಪರು, ಹೊಸ ದೀಪ. ಯಾವನೋ ಒಬ್ಬ ಅದನ್ನು ಒರೆಸುತ್ತಿದ್ದ. ಅಪ್ಪನಿಗೆ ಹೊಲಿಸಿಕೊಟ್ಟಿದ್ದಂಥದೇ ಬಿಳಿ ಅಂಗಿ. ಆಯಿ ಕಾರನ್ನು ನೋಡಿದಳು, ನನ್ನನ್ನು ನೋಡಿದಳು.

"ಇದs ಏನು?"

"ಹೂಂ."

"ಮಾರಿಲ್ಲ ಹಂಗಾರ."

ಮೇಡಂ ಇಳಿದು ಬಂದರು. ಒಳ್ಳೆಯ ಹೆಂಗಸೇ, ಕಂಪ್ಯೂಟರ್ ತರಲು ಹೋದಾಗ ನನಗೆ ಬಿಸ್ಕತ್ತು ಕೊಟ್ಟಿದ್ದರು. ಆಯಿ ತನ್ನ ಹಿಂದಿಯನ್ನು ಆ ದಿನ ಬಾಯಿಗೆ ತರಲಿಲ್ಲ. ಕನ್ನಡದಲ್ಲೇ ಹೇಳಿದಳು, ಕೈಯಿಂದ ತೋರಿಸುತ್ತಾ ಹೇಳಿದಳು. ಎರಡೂ ಕೈಯಿಂದ ಸ್ಟೇರಿಂಗ್ ಹಿಡಿದು ತಿರುಗಿಸಿ, ಇದು ನನ್ನ ಮಗ. ಮುಷ್ಟಿಯನ್ನು ಅಂಗೈಗೆ ಬಡಿದು, ಇದು ಅವನಲ್ಲ. ಮತ್ತೆ ಬಾಯಿ ಮುಟ್ಟಿಕೊಂಡು, ತಪ್ಪು ಇದರದು. ನಾನು ಹಿಂದಿಗೆ ತಿರುಗಿಸುತ್ತಾ ಹೋದೆ. ಕಾರು ಒರೆಸುತ್ತಿದ್ದವನು ಕೆಲಸ ನಿಲ್ಲಿಸಿ ನೋಡುತ್ತಿದ್ದ. ಮೇಡಂ ಅರ್ಧಕ್ಕೇ ಆಯಿಯ ಕೈ ಹಿಡಿದುಕೊಂಡರು.

"ಮಾಲೂಮ್ ಹೈ ಮಾಜೀ, ಮಾಲೂಮ್ ಹೈ."

ಗೊತ್ತಿದೆ. ಅವರ ಮಗ ಕೆಲವೇ ದಿನಕ್ಕೆ ತಾನಾಗಿ ಒಪ್ಪಿಕೊಂಡಿದ್ದನಂತೆ. ಅಷ್ಟರಲ್ಲಿ ಹೊಸ ಡ್ರೈವರನನ್ನು ಇಟ್ಟುಕೊಂಡು ಆಗಿತ್ತು, ಅವನನ್ನು ಹೇಗೆ ತೆಗೆಯುವುದು? ನಿಮ್ಮ ಮಗನಿಗೆ ಫೋನು ಮಾಡಬೇಕು ಅಂತ ಸಾಹೇಬರು ಅನ್ನುತ್ತಲೇ ಇದ್ದರು, ಆಗಲಿಲ್ಲ. ನಿಲ್ಲಿ, ಮೇಲಿಂದ ಮಿಠಾಯಿ ತರಿಸುತ್ತೇನೆ. ನಾನು ಎಲ್ಲವನ್ನೂ ಕನ್ನಡದಲ್ಲಿ ಹೇಳಿದೆ. ಹೇಳುತ್ತಾ ನನಗೆ ಸಿಟ್ಟು ಬಂತು, ಎಂಥ ಸಿಟ್ಟೆಂದರೆ ಇವತ್ತು ಇದನ್ನು ಬರೆಯುವಾಗಲೂ ಬರುತ್ತಿದೆ. ಆಯಿಗೆ ಸಿಟ್ಟು ಬಂದ ಹಾಗೆ ಕಾಣಲಿಲ್ಲ. ಕೈ ಬಿಡಿಸಿಕೊಂಡು ಸೆರಗು ಸರಿ ಮಾಡಿಕೊಂಡಳು. "ಮಿಠಾಯಿ ಬ್ಯಾಡಂತ ಹೇಳು. ಬರ್ತೀವಂತ ಹೇಳು."

ವಾಪಸು ಬರುವಾಗ ಬೊರಿವಲಿಯ ತನಕ ಗದ್ದಲವಿತ್ತು. ಅಲ್ಲಿ ಡಬ್ಬಿ ಖಾಲಿಯಾದ ಮೇಲೆ ಹೇಳಿದಳು: "ಮನಿಗೆ ಹೋದಕೂಡಲೆ ಅವನ ಮುಂದ ಹೇಳಾಕಿ ನಾ. ನನ್ನ ಬಾಯಿಂದನs ನಿನ್ನ ಕೆಲಸ ಹೋತಪಾ ಅಂತ. ಅವರಿಗೆ ಗೊತ್ತಿದ್ದೂ ಕರೀಲಿಲ್ಲ ಅಂತನೂ ಹೇಳ್ತೀನಿ." ನಾನು ಬೇಡ ಎಂದೆ. ನಿನಗೆ ತಿಳಿಯಬಾರದೆಂದು ಅಪ್ಪ ಎಷ್ಟು ಮಾಡಿದ್ದಾನೆ ಗೊತ್ತಾ, ನಿನಗೆ ತಿಳಿಯಿತೆಂದು ಗೊತ್ತಾದರೆ ಕೆಲಸ ಹೋದದ್ದಕ್ಕಿಂತ ಹೆಚ್ಚು ನೊಂದುಕೊಳ್ಳುತ್ತಾನೆ ಎಂದೆ. "ಸುಮ್ಮನ ಕುಂಡ್ರು, ದೊಡ್ಡ ಹೆಣಮಗಳು," ಎಂದಳು. ದಹಿಸರ್ ಬಂತು, ಇಳಿದೆವು.

ಅಪ್ಪ ಆಟಕ್ಕೆ ಕೂತಿದ್ದ. ಅವ್ವ ಮಷೀನಿನ ಮೇಲಿದ್ದಳು. ಆಯಿ ಕಾಲು ತೊಳೆದುಕೊಂಡು ಚಾಪೆ ಹಾಸಿ ಅವನ ಹಿಂದೆ ಕೂತಳು. ನಾನು ಬಾಗಿಲಲ್ಲೇ ನಿಂತೆ. ಅಪ್ಪನ ಕಾರು ರಸ್ತೆಯ ಎಡಕ್ಕೆ ಬಂದು ಮೆಲ್ಲಗೆ ಹೊರಟಿತ್ತು.

"ಗುಡ್ಯಾಗ ಗದ್ದಲಿತ್ತೇನ ಯವ್ವಾ?"

"ಇತ್ತು."

ಕಾರು ಒಂದು ತಿರುವು ದಾಟಿತು. ಆಯಿ ಮುಂದಕ್ಕೆ ಸರಿದು ಕೂತಳು.

"ಬಡಿ," ಎಂದಳು.

ಅಪ್ಪನ ಬೆರಳು ಕೀಲಿಯ ಮೇಲೇ ನಿಂತಿತು. ಅವ್ವನ ಮಷೀನೂ ನಿಂತಿತು.

"ಏನಂದಿ?"

"ಗ್ವಾಡಿಗೆ ಬಡಿ ಮಗನ. ನನ್ನ ಮುಂದ ಇಷ್ಟ ಹುಷಾರಿಲೆ ಹೊಡೀಬ್ಯಾಡ."

ಅಪ್ಪ ತಿರುಗಲಿಲ್ಲ. ಪರದೆ ನೋಡಿಕೊಂಡೇ ಮಾತಾಡಿದ. ಅವನ ದನಿ ತೀರ ಸಣ್ಣದಾಗಿತ್ತು.

"ಯವ್ವಾ, ಅವರು ಗಾಡಿ ಮಾರ್ಯಾರ. ಮತ್ತೇನಿಲ್ಲ. ನೀ ಏನೂ ಮನಸಿಗೆ ಹಚ್ಚಿಕೋಬ್ಯಾಡ."

ಹೊಸ ಬಂಪರಿನ ಕಾರನ್ನು ಬೆಳಿಗ್ಗೆ ಕಣ್ಣಾರೆ ನೋಡಿ ಬಂದಿದ್ದ ಆಯಿ ನನ್ನ ಕಡೆ ಒಮ್ಮೆ ನೋಡಿದಳು. ಆಮೇಲೆ ಅಪ್ಪನ ಬೆನ್ನ ಮೇಲೆ ಕೈ ಇಟ್ಟಳು.

"ಹೂಂನಪಾ, ಮಾರ್ಯಾರ," ಎಂದಳು. "ನೀ ಬಡಿ."

ಅಪ್ಪ ಬಡಿದ.